ಶ್ರಾವಣಿ ಗೆದ್ದಳೋ, ಸೋತಳೋ

ನನ್ನ ನಾಲಿಗೆಯ ವಿಷಯವಾಗಿ ತಿ. ನರಸೀಪುರದಲ್ಲಿ ಯಾರನ್ನು ಬೇಕಾದರೂ ಕೇಳಿ, ಒಂದು ಒಳ್ಳೆಯ ಮಾತು ಬರುವುದಿಲ್ಲ. ಅಂಗನವಾಡಿ ಟೀಚರ್ ಗೋವಿಂದಮ್ಮನಾ, ಅವಳ ಬಾಯಿಗೆ ಬಿದ್ದವನು ಸಂಗಮದಲ್ಲಿ ಮುಳುಗೆದ್ದರೂ ಚೊಕ್ಕಟವಾಗುವುದಿಲ್ಲ ಅನ್ನುತ್ತಾರೆ. ಅನ್ನಲಿ ಬಿಡಿ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದೆಯುವ ಕಾಲ ಇದು. ಆದರೆ ಇದೇ ನಾಲಿಗೆ ಇರದಿದ್ದರೆ ನಮ್ಮ ರೋಜಾಳ ಮದುವೆ ಆಗುತ್ತಿರಲಿಲ್ಲ ಎಂಬುದನ್ನು ಮಾತ್ರ ಯಾರೂ ಹೇಳುವುದಿಲ್ಲ. ಹೇಳುವುದಕ್ಕೆ ಅವರಿಗೆ ಗೊತ್ತಿದ್ದರೆ ತಾನೆ.

ರೋಜಾ ನಮ್ಮಣ್ಣ ಚಿಕ್ಕಮಾದುವಿನ ಮಗಳು. ಅವಳಿಗೆ ನಡೆಯಲು ಬರುವ ಮೊದಲೇ ಹೆತ್ತವ್ವ ತೀರಿಕೊಂಡಳು. ಸಾಕಿದ್ದು ಸೋದರತ್ತೆಯಾದ ನಾನು. ಅಣ್ಣ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಹುಡುಗಿ ಬಿ.ಎಸ್ಸಿ., ಬಿ.ಎಡ್. ಮಾಡಿ ಮೂಗೂರಿನಲ್ಲಿ ಹೈಸ್ಕೂಲ್ ಮಕ್ಕಳಿಗೆ ಲೆಕ್ಕದ ಟೀಚರ್ ಆದಳು. ಆದದ್ದೇ ತಪ್ಪಾಯಿತು. ಬಂದ ಗಂಡಿನ ಕಡೆಯವರೆಲ್ಲ ಕೇಸರಿಬಾತು ತಿಂದು, ಕೈ ತೊಳೆದು, "ಹುಡುಗಿ ನಮ್ಮ ಹುಡುಗನಿಗಿಂತ ಜಾಸ್ತಿ ಓದಿಬಿಟ್ಟಿದ್ದಾಳೆ" ಎಂದು ಹೇಳಿ ಹೋಗುತ್ತಿದ್ದರು. ಕೊನೆಗೆ ಬಂದವರಿಗೆ ನಾನು, "ಹಾಗಾದ್ರೆ ನಿಮ್ಮ ಹುಡುಗನ್ನ ನಮ್ಮ ಅಂಗನವಾಡಿಗೆ ಕಳಿಸಿ, ಮೊದಲಿಂದ ಓದಿಸಿ ಕೊಡ್ತೀನಿ" ಅಂದೆ. ಅದರಲ್ಲಿ ತಪ್ಪೇನಿದೆ? ಅಣ್ಣ ಮಾತ್ರ ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟ.

ಆಗ ಬಂದದ್ದು ನಂಜನಗೂಡಿನ ಸಂಬಂಧ. ಹುಡುಗ ನಟರಾಜ್, ಐ.ಟಿ.ಐ. ಮಾಡಿದವನು, ಕೆ.ಇ.ಬಿ.ಯಲ್ಲಿ ಲೈನ್‌ಮನ್. ಅವನ ಅಪ್ಪನೂ ಲೈನ್‌ಮನ್ ಆಗಿದ್ದವರೇ, ಈಗಿಲ್ಲ. ಫೋಟೋ ನೋಡಿದ ರೋಜಾ ಮೊದಲ ಸಲ, "ಅತ್ತೆ, ಇವರು ಬರಲಿ" ಅಂದಳು. ಅಷ್ಟು ಹೇಳಿ, ಒಗೆದಿಟ್ಟ ಬಟ್ಟೆಯನ್ನೇ ಮತ್ತೆ ಒಗೆಯಲು ಕೂತಳು. ನನಗೆ ಅರ್ಥವಾಯಿತು. ಅಣ್ಣನಿಗೂ ಅರ್ಥವಾಗಿ ನನ್ನ ಹತ್ತಿರ ಬಂದು ಕೈ ಮುಗಿದ.

"ಗೋವಿಂದೀ, ನಿನ್ ಕಾಲಿಗೆ ಬೀಳ್ತೀನಿ. ಆವತ್ತೊಂದಿನ ಬಾಯಿಗೆ ಬೀಗ ಆಕ್ಕೊ. ಮಗೀಗೆ ಇಷ್ಟ ಆಗದೆ."

"ನಾನೇನು ಮಾತಾಡ್ತೀನಣ್ಣ?"

"ಅದೇ ಕಣವ್ವ ನನ್ ಭಯ," ಅಂದ.

ಅವರು ಬರುತ್ತೇವೆಂದದ್ದು ಭಾನುವಾರ. ಅಣ್ಣನಿಗೆ ಏನೂ ಹೊಳೆಯಲಿಲ್ಲ. ನನಗೆ ಮಾತ್ರ ತಕ್ಷಣ ಹೊಳೆಯಿತು. ಆವತ್ತು 'ಅರವತ್ನಾಲ್ಕು ಮನೆ' ಧಾರಾವಾಹಿಯ ಕೊನೆಯ ಕಂತು.

ನೋಡದವರಿಗೆ ಹೇಳುತ್ತೇನೆ. ಚದುರಂಗದ ಮಣೆಯಲ್ಲಿ ಇರುವುದು ಅಷ್ಟು ಮನೆ. ಶ್ರಾವಣಿ ಎಂಬ ಹೋಟೆಲ್ ಅಡುಗೆಯವನ ಮಗಳು, ಗಿರಾಕಿಗಳು ಆಡುವುದನ್ನು ಕಂಬದ ಮರೆಯಿಂದ ನೋಡಿ ನೋಡಿಯೇ ಚದುರಂಗ ಕಲಿಯುತ್ತಾಳೆ, ಹಲ್ಲು ಬೀಳುವ ವಯಸ್ಸಿಗೇ ಮೀಸೆ ಹೊತ್ತ ಗಂಡಸರ ಬೆವರಿಳಿಸುತ್ತಾಳೆ. ತೊಂಬತ್ತೊಂಬತ್ತನೇ ಇಸವಿ ಪೂರ್ತಿ ಭಾನುವಾರ ಸಂಜೆ ಆರಾದರೆ ನಮ್ಮ ಬೀದಿಯಲ್ಲಿ ನಾಯಿ ಬಿಟ್ಟರೆ ಯಾರೂ ಓಡಾಡುತ್ತಿರಲಿಲ್ಲ. ನಮ್ಮಲ್ಲಿ ಒಬ್ಬರಿಗೂ ಚದುರಂಗ ಬಾರದು. ಪಕ್ಕದ ಮನೆ ವಿಶಾಲಮ್ಮ ಶುರುವಿನಲ್ಲಿ, "ಆನೆಗೆ ಕಣ್ಣಿಲ್ವಾ? ಓರೆಗೆ ಕುದುರೆ ನಿಂತದೆ, ತುಳೀಬಾರ್ದಾ?" ಎಂದು ಕೇಳುತ್ತಿದ್ದಳು. ನಾಲ್ಕು ವಾರ ಕಳೆದ ಮೇಲೆ ಅವಳೇ ನಮಗೆ ಪಾಠ ಹೇಳತೊಡಗಿದಳು. ಶ್ರಾವಣಿಯ ಕುದುರೆ ಸತ್ತ ದಿನ ಒಲೆ ಹಚ್ಚದೆ ಗಂಡನಿಗೆ ಹೋಟೆಲ್ ಇಡ್ಲಿ ತಿನ್ನಿಸಿದಳು. ರಾಜ ಒಂದೊಂದೇ ಹೆಜ್ಜೆ ಇಡುತ್ತಾನೆ, ರಾಣಿ ಮಣೆ ತುಂಬ ಓಡಾಡಿ ಅವನನ್ನು ಕಾಯುತ್ತಾಳೆ ಎಂದು ಗೊತ್ತಾದ ದಿನ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಈ ಆಟ ಕಟ್ಟಿದವಳು ಯಾವಳೋ ಸಂಸಾರಸ್ಥೆಯೇ ಇರಬೇಕು ಎಂದು ವಿಶಾಲಮ್ಮ ತೀರ್ಮಾನ ಕೊಟ್ಟಳು.

ಈಗ ದೊಡ್ಡವಳಾದ ಶ್ರಾವಣಿ ಕೊನೆಯ ಕಂತಿನಲ್ಲಿ ಆಡಬೇಕಾದದ್ದು ತಾನು ಮದುವೆಯಾಗಬೇಕಾದ ವಿಕ್ರಮನ ಎದುರು. ಅವನ ತಾಯಿ ಮೊದಲೇ ಹೇಳಿಬಿಟ್ಟಿದ್ದಾಳೆ: ನನ್ನ ಮಗನನ್ನು ಸೋಲಿಸಿದರೆ ನೀನು ಈ ಮನೆಗೆ ಸೊಸೆಯಲ್ಲ. ಇಂಥ ಕಂತಿನ ದಿನವೇ ಹೆಣ್ಣು ನೋಡಲು ಬರುವವರಿಗೆ ಏನನ್ನಬೇಕು, ನೀವೇ ಹೇಳಿ.

ನಾಲ್ಕಕ್ಕೆ ಬರಬೇಕಾದವರು ಬಸ್ಸು ಕೆಟ್ಟು ಐದೂವರೆಗೆ ಬಂದರು. ಹುಡುಗ, ಅವನ ತಾಯಿ ಪುಟ್ಟಮಾದಮ್ಮ, ಕವಲಂದೆಯ ಸೋದರಮಾವ ಚೆಲುವಯ್ಯ. ವಿಶಾಲಮ್ಮ ತನ್ನ ಮನೆಗೆ ಬೀಗ ಹಾಕಿ ಸಂಸಾರ ಸಮೇತ ನಮ್ಮ ಮನೆಗೆ ಸಹಾಯಕ್ಕೆಂದು ಬಂದಿದ್ದಳು. ಸಹಾಯ ಏನೂ ಮಾಡಲಿಲ್ಲ, ಕಣ್ಣೆಲ್ಲ ನಮ್ಮ ಕಲರ್ ಟಿವಿಯ ಮೇಲೆ. ಅಣ್ಣ ಅದಕ್ಕೆ ಕಸೂತಿ ಬಟ್ಟೆ ಮುಚ್ಚಿ, ಮೇಲೆ ಬುದ್ಧನ ವಿಗ್ರಹ ಇಟ್ಟುಬಿಟ್ಟಿದ್ದ.

ರೋಜಾ ಕಾಫಿ ತಂದಳು. ನಟರಾಜ್ ತಲೆ ಎತ್ತಿ ಅವಳನ್ನು ನೋಡಿದ, ಲೋಟ ತೆಗೆದುಕೊಂಡ, ಅದನ್ನು ನೇರ ತನ್ನ ಉಪ್ಪಿಟ್ಟಿನ ಮೇಲೆ ಇಟ್ಟ. ಒಳ್ಳೆಯ ಹುಡುಗ ಅಂದುಕೊಂಡೆ. ಪುಟ್ಟಮಾದಮ್ಮನ ಮಡಿಲಲ್ಲಿ ಬಾಳೆಲೆಯಲ್ಲಿ ಸುತ್ತಿದ ಮಲ್ಲಿಗೆ ಹೂವಿನ ಪೊಟ್ಟಣ ಇತ್ತು. ಹೂ ಮುಡಿಸಿದರೆ ಒಪ್ಪಿಗೆ, ಮುಡಿಸದೆ ಎದ್ದರೆ ಇಲ್ಲ. ಅವರು ರೋಜಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮೂಗೂರಿಗೆ ದಿನಾ ಒಬ್ಳೇ ಓಗಿ ಬತ್ತೀಯವ್ವಾ?" ಎಂದು ಕೇಳಿದರು. ಹೌದು ಅಂದಳು. ಪೊಟ್ಟಣದ ದಾರ ಬಿಚ್ಚಿದರು. ದಾರ ಬಿಚ್ಚಿದವರು ಅಲ್ಲಿಗೇ ನಿಲ್ಲಿಸಿ ಗೋಡೆಯ ಗಡಿಯಾರ ನೋಡಿದರು. ಚೆಲುವಯ್ಯನವರೂ ನೋಡಿದರು. ಇನ್ನೇನು ಆರು ಗಂಟೆ.

ಚೆಲುವಯ್ಯ ಕೆಮ್ಮಿದರು. "ನಿಮ್ ಟಿವಿ... ಕೆಟ್ಟೋಗದಾ?"

"ಇಲ್ಲ ಸಾ," ಅಂದ ಅಣ್ಣ.

"ಅಲ್ಲಾ, ಬಟ್ಟೆ ಮುಚ್ಚಿದೀರಲ್ಲ ಅಂತ ಕೇಳ್ದೆ."

ಪುಟ್ಟಮಾದಮ್ಮ ನೆಲ ನೋಡುತ್ತಾ, "ಶ್ರಾವಣೀದು ಇವತ್ತು ಕೊನೇದಂತೆ," ಅಂದರು. ಅಣ್ಣ ಬುದ್ಧನನ್ನು ಎತ್ತಿ ಗೂಡಿನಲ್ಲಿ ಇಡುವಷ್ಟರಲ್ಲಿ ವಿಶಾಲಮ್ಮ ಸ್ವಿಚ್ ಹಾಕಿಯಾಗಿತ್ತು.

ಸ್ವಲ್ಪ ಹೊತ್ತು ಎರಡು ಕಡೆಯವರೂ ಒಂದೇ ಮನೆಯವರ ಹಾಗೆ ಕೂತು ನೋಡಿದೆವು. ಚೆಲುವಯ್ಯನವರು ಮಾತ್ರ, "ಅದು ರಾಣಿ ಅಲ್ಲ ಕಣ್ರೀ, ಮಂತ್ರಿ. ನಮ್ ಕಾಲ್ದಲ್ಲಿ ಎಂಗಸ್ರು ಯುದ್ಧಕ್ಕೆ ಓಯ್ತಿರ್ನಿಲ್ಲ" ಎಂದು ತಕರಾರು ತೆಗೆದರು. ನಾನು ಬಾಯಿಗೆ ಸೆರಗು ತುರುಕಿಕೊಂಡೆ. ಗೂಡಿನಲ್ಲಿದ್ದ ಬುದ್ಧನೇ ಸಾಕ್ಷಿ.

ಆಮೇಲೆ ಆ ಘಳಿಗೆ ಬಂತು. ರಾಣಿಯನ್ನು ಒಂದು ಸಲ ನಡೆಸಿದರೆ ವಿಕ್ರಮನ ಕತೆ ಮುಗಿಯಿತು. ಶ್ರಾವಣಿಯ ಕೈ ರಾಣಿಯ ಹತ್ತಿರಕ್ಕೆ ಹೋಗಿ ನಿಂತಿದೆ. ಅತ್ತೆಯಾಗುವವಳ ಮುಖವನ್ನು ಗುಡುಗಿನ ಸದ್ದಿನೊಂದಿಗೆ ಮತ್ತೆ ಮತ್ತೆ ತೋರಿಸುತ್ತಿದ್ದಾರೆ.

"ಬ್ಯಾಡ ಕಣವ್ವಾ," ಅಂದರು ಪುಟ್ಟಮಾದಮ್ಮ ಟಿವಿಗೆ. "ಗಂಡನಾಗೋನ ಊರ್ ಮುಂದೆ ಸೋಲಿಸ್ದೋಳು ಸಂಸಾರ ಮಾಡಾಳಾ? ಓದ್ದೋರು ವಸಿ ಬಗ್ಗಿ ನಡೀಬೇಕಪ್ಪ."

ಟಿವಿಯಲ್ಲಿ ಯಾರೂ ಓದಿನ ಮಾತೆತ್ತಿರಲಿಲ್ಲ. ಹೇಳುವಾಗ ಅವರ ಕಣ್ಣು ಇದ್ದದ್ದು ಬಾಗಿಲ ಹತ್ತಿರ ನಿಂತಿದ್ದ ರೋಜಾಳ ಮೇಲೆ. ನನ್ನ ಬೀಗ ಕಳಚಿ ಬಿತ್ತು.

"ಅಲ್ಲಕ್ಕ, ಬೇಕೂಂತ ಸೋಲೋದಾದ್ರೆ ಅಷ್ಟು ವರ್ಷ ಕಲ್ತಿದ್ದು ಯಾತಕ್ಕೆ? ಕೈಲಾದ್ರೆ ಅವನು ಆಡಿ ಗೆಲ್ಲಲಿ!"

"ವಸಿ ಬಗ್ಗುದ್ರೆ ಬೆನ್ನು ಮುರಿಯಾಕಿಲ್ಲ ಕಣವ್ವಾ."

"ಹೌದೌದು, ಅದಕ್ಕೇ ನಮ್ಮವ್ವಂದಿರ ಬೆನ್ನೆಲ್ಲ ಸಾಯೋ ಕಾಲಕ್ಕೆ ಅಷ್ಟು ನೆಟ್ಟಗಿತ್ತು!"

ವಿಶಾಲಮ್ಮ ನನ್ನ ಕಡೆ ಸೇರಿದಳು, ಚೆಲುವಯ್ಯನವರು ತಂಗಿಯ ಕಡೆ ಸೇರಿದರು. ಶ್ರಾವಣಿ ಇನ್ನೂ ಕೈ ಎತ್ತಿಕೊಂಡೇ ಇದ್ದಳು, ನಮ್ಮ ಜಗಳ ಮುಗಿಯಲೆಂದು ಕಾಯುವವಳ ಹಾಗೆ. ಅಣ್ಣ "ಗೋವಿಂದೀ" ಅಂದದ್ದು ಪ್ರಾಣ ಹೋಗುವವನ ದನಿಯಲ್ಲಿ ಕೇಳಿಸಿತು. ಪುಟ್ಟಮಾದಮ್ಮ ಬಾಳೆಲೆಯನ್ನು ಮಡಚಿ, ಮತ್ತೆ ದಾರ ಸುತ್ತಿ, ಪೊಟ್ಟಣವನ್ನು ಬ್ಯಾಗಿಗೆ ಹಾಕಿದರು.

"ಇದೊಂದು ನೋಡ್ಬುಟ್ಟು ಎದ್ದೋಗವ ಕಣಣ್ಣ," ಅಂದರು ಚೆಲುವಯ್ಯನವರಿಗೆ.

ಶ್ರಾವಣಿ ಗೆದ್ದರೆ ಅವರು ಎದ್ದು ಹೋಗುವುದು ಖಂಡಿತ. ಸೋತರೆ ಅವರ ಮನಸ್ಸು ಕರಗೀತು, ಆದರೆ ನಾನು ಬಾಯಿ ಮುಚ್ಚಿಕೊಂಡು ಇರುವವಳಲ್ಲ, ಅದು ಊರಿಗೇ ಗೊತ್ತು. ಬಾಗಿಲ ಹತ್ತಿರ ರೋಜಾ ಕಾಣಲಿಲ್ಲ, ಒಳಗೆ ಹೋಗಿ ಅಳುತ್ತಿದ್ದಾಳೆ ಅಂದುಕೊಂಡೆ. ಶ್ರಾವಣಿ ರಾಣಿಯನ್ನು ಎತ್ತಿದಳು.

ಕರೆಂಟ್ ಹೋಯಿತು.

"ಅಯ್ಯಯ್ಯೋ!" ಎಂದು ಎರಡು ಕಡೆಯವರೂ ಒಟ್ಟಿಗೆ ಕೂಗಿದೆವು. ವಿಶಾಲಮ್ಮ ಕೆ.ಇ.ಬಿ.ಯವರ ವಂಶವನ್ನೇ ಎತ್ತಿ ಬೈಯಲು ಶುರು ಮಾಡಿ, ಎದುರಿಗೆ ಲೈನ್‌ಮನ್ ಕೂತಿರುವುದು ನೆನಪಾಗಿ ನಾಲಿಗೆ ಕಚ್ಚಿಕೊಂಡಳು. ನಟರಾಜ್ ಎದ್ದು ಮೀಟರ್ ಬೋರ್ಡ್ ಎಲ್ಲಿದೆ ಎಂದು ಕೇಳಿದ. ದಾರಿ ತೋರಿಸಲು ನಾನು ಅವನ ಜೊತೆ ಅಡುಗೆಮನೆಯ ಪಕ್ಕದ ಓಣಿಗೆ ಹೋದೆ.

ರೋಜಾ ಬೋರ್ಡಿನ ಕೆಳಗೆ ನಿಂತಿದ್ದಳು. ಫ್ಯೂಸು ಇರಬೇಕಾದ ಜಾಗ ಖಾಲಿ. ಬಿಳೀ ಪಿಂಗಾಣಿ ಫ್ಯೂಸು ಅವಳ ಕೈಯಲ್ಲಿತ್ತು.

ನಾನು ಬಾಯಿ ತೆರೆದೆ. "ಅತ್ತೆ," ಅಂದಳು, ಅಷ್ಟೇ. ಆ ದನಿ ಕೇಳಿದ ಮೇಲೆ ಬೈಯುವುದು ನನ್ನಿಂದ ಆಗಲಿಲ್ಲ. ಬಾಯಿ ಮುಚ್ಚಿದೆ.

ನಟರಾಜ್ ಬೋರ್ಡ್ ನೋಡಿದ, ಅವಳ ಕೈ ನೋಡಿದ, ಮುಖ ನೋಡಿದ. "ಒದ್ದೆ ಕೈಲಿ ಮುಟ್ಲಿಲ್ಲ ತಾನೆ?" ಅಂದ. ಅವಳು ಇಲ್ಲವೆಂದು ತಲೆ ಆಡಿಸಿದಳು. "ಮೊದ್ಲು ಮೇನ್ ಆಫ್ ಮಾಡ್ಬೇಕು, ಆಮೇಲೆ ಕೀಳ್ಬೇಕು. ಇನ್ನೊಂದ್ಸಲ ಇಂಗ್ ಮಾಡ್ಬೇಡಿ," ಅಂದ. ಹೆಣ್ಣು ನೋಡಲು ಬಂದವನು ಹೆಣ್ಣಿಗೆ ಆಡಿದ ಮೊದಲ ಮಾತು ಅದು. ಆಮೇಲೆ ನಿಂತಲ್ಲಿಂದಲೇ ಹಾಲಿಗೆ ಕೇಳುವಂತೆ ಕೂಗಿದ: "ಅವ್ವಾ, ಟ್ರಾನ್ಸ್‌ಫಾರ್ಮರಲ್ಲೇ ಓಗದೆ. ಇಡೀ ಬೀದಿಗೇ ಇಲ್ಲ. ಅರ್ಧ ಗಂಟೆ ಆಯ್ತದೆ!"

ಲೈನ್‌ಮನ್ನೇ ಹೇಳಿದ ಮೇಲೆ ಎದುರು ಮಾತಿಲ್ಲ. ಸದ್ಯ, ಬಚಾವಾದೆವು ಅಂದುಕೊಳ್ಳುವಷ್ಟರಲ್ಲಿ ತೆರೆದ ಕಿಟಕಿಯಿಂದ ಬೀದಿಯ ಮೂಲೆಮನೆಯ ಟಿವಿ ಸಣ್ಣಗೆ ಕೇಳಿಸಿತು. ಅದೇ ಗುಡುಗು. ಬೀದಿಗೇ ಕರೆಂಟಿಲ್ಲ ಅಂದದ್ದು ಸುಳ್ಳೆಂದು ಈಗ ಬಯಲಾಗುತ್ತದೆ. ಹಾಲಿಗೆ ಓಡಿ ಬಂದು ಪುಟ್ಟಮಾದಮ್ಮನ ಪಕ್ಕ ಕೂತು ಮಾತಾಡತೊಡಗಿದೆ.

ಎತ್ತರದ ದನಿಯಲ್ಲಿ, ಉಸಿರು ಬಿಡದೆ ಮಾತಾಡಿದೆ. ಸೊಳ್ಳೆ ಕಾಟ ಹೇಳಿದೆ, ಅಂಗನವಾಡಿಯ ಬೇಳೆಯಲ್ಲಿ ಬರುವ ಹುಳ ಹೇಳಿದೆ, ನಂಜನಗೂಡಿನ ರಸಬಾಳೆಯನ್ನು ಹೊಗಳಿದೆ. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ. ಮಾತೆಲ್ಲ ಮುಗಿದು ಏನೂ ತೋಚದಾದಾಗ ರೋಜಾಳ ಕತೆಗೆ ಬಂದೆ. ಅವ್ವ ಹೋದ ಮೇಲೆ ಮಗು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದೇ ಮಲಗುತ್ತಿತ್ತು. ಬಿಡಿಸಿದರೆ ಎಚ್ಚರವಾಗುತ್ತಿತ್ತು. ಎಷ್ಟೋ ಸಲ ಸೀರೆಯನ್ನೇ ಬಿಚ್ಚಿ ಅವಳ ಪಕ್ಕ ಬಿಟ್ಟು, ಬೇರೆ ಉಟ್ಟುಕೊಂಡು ಹೋಗಿ ಒಲೆ ಹಚ್ಚಿದ್ದೇನೆ. ಮೊದಲ ಸಂಬಳದಲ್ಲಿ ನನಗೊಂದು ಸೀರೆ ತಂದು, "ಅತ್ತೆ, ಇದರ ಸೆರಗು ಉದ್ದ ಇದೆ, ನೋಡಿ ತಂದೆ" ಅಂದಳು.

"ಅವಳು ಬಗ್ಗಿ ನಡೀತಾಳೋ ನೆಟ್ಟಗೆ ನಡೀತಾಳೋ ನಂಗೊತ್ತಿಲ್ಲಕ್ಕ," ಅಂದೆ. "ಹಿಡಿದ ಸೆರಗು ಮಾತ್ರ ಬಿಡೋಳಲ್ಲ." ಟಿವಿಯ ಸದ್ದು ಮುಚ್ಚಲು ಶುರು ಮಾಡಿದವಳು ಅಷ್ಟು ಹೊತ್ತಿಗೆ ನಿಜವಾಗಿ ಅಳುತ್ತಿದ್ದೆ.

ಪುಟ್ಟಮಾದಮ್ಮ ಒಂದು ಸಲ ಕಿಟಕಿಯ ಕಡೆ ಮುಖ ತಿರುಗಿಸಿದರು. ಆಮೇಲೆ ಬ್ಯಾಗಿನಿಂದ ಪೊಟ್ಟಣ ತೆಗೆದು, ರೋಜಾಳನ್ನು ಕರೆದು ಕೂರಿಸಿಕೊಂಡು ಹೂ ಮುಡಿಸಿದರು. ಅದಾದ ಸ್ವಲ್ಪ ಹೊತ್ತಿಗೆ ಕರೆಂಟೂ ಬಂತು. ಟಿವಿಯಲ್ಲಿ ರಸಗೊಬ್ಬರದ ಜಾಹೀರಾತು ಓಡುತ್ತಿತ್ತು.

ಮರುದಿನ ಮಕ್ಕಳನ್ನು ಬಿಡಲು ಅಂಗನವಾಡಿಗೆ ಬಂದ ತಾಯಂದಿರೆಲ್ಲ ಅದನ್ನೇ ಹೇಳಿದರು. ಶ್ರಾವಣಿ ಗೆದ್ದಳಂತೆ! ಗೆದ್ದದ್ದು ನನ್ನ ಪಕ್ಷ, ಆದರೆ ಹೇಳುವ ಹಾಗಿಲ್ಲ. ಲಗ್ನಪತ್ರಿಕೆ ಕೊಡಲು ಪುಟ್ಟಮಾದಮ್ಮ ಬಂದಾಗ ನಾಲಿಗೆ ಎಷ್ಟು ತುರಿಸಿತೆಂದರೆ ಎಲೆಅಡಿಕೆಗೆ ಸುಣ್ಣ ಜಾಸ್ತಿ ಹಾಕಿ ಸುಟ್ಟುಕೊಂಡೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ಸುಳ್ಳು ಹೇಳುವುದು ಸುಲಭ, ನಿಜ ನುಂಗುವುದು ಕಷ್ಟ ಎಂದು ನನಗೆ ಆಗ ಗೊತ್ತಾಯಿತು.

ಮದುವೆ ನಂಜನಗೂಡಿನಲ್ಲಿ ಆಯಿತು. ತಾಳಿ ಬಿದ್ದು, ಗಟ್ಟಿಮೇಳ ನಿಂತದ್ದೇ ತಡ, ನಾನು ಪುಟ್ಟಮಾದಮ್ಮನನ್ನು ಊಟದ ಹಾಲಿನ ಬಾಗಿಲಿಗೆ ಎಳೆದುಕೊಂಡು ಹೋದೆ.

"ಅಕ್ಕಾ, ಬೈದ್ರೂ ಬೈಕೊಳ್ಳಿ, ಹೇಳ್ಬಿಡ್ತೀನಿ. ಶ್ರಾವಣಿ ಗೆದ್ದಳು!"

"ಗೊತ್ತು ಕಣವ್ವ," ಅಂದರು. "ನೀ ಬಾಯಿ ಬಡ್ಕೊತಿದ್ದಾಗ ಕಿಟಕೀಲಿ ಚಪ್ಪಾಳೆ ಕೇಳ್ತು. ಸೋತೋಳ್ಗೆ ಯಾರು ಚಪ್ಪಾಳೆ ತಟ್ಟಾರು?"

"ಹಾಗಾದ್ರೆ ಕರೆಂಟಿನ ವಿಷಯಾನೂ...?" ಅಂದೆ.

"ಮೂಲೆಮನೇಲಿ ಟಿವಿ ಓಡ್ತದೆ ಅಂದ್ರೆ ಟ್ರಾನ್ಸ್‌ಫಾರ್ಮರ್ ಎಲ್ಲಿ ಓಗಿರ್ತದೆ? ಲೈನ್‌ಮನ್ ಹೆಂಡ್ತಿ ಆಗಿ ಬಾಳ್ದೋಳು ನಾನು. ನನ್ ಮಗ ನನ್ತಾವ ಒಂದಿನಾನೂ ಸುಳ್ಳು ಯೋಳ್ದೋನಲ್ಲ. ಆವತ್ತು ಯೋಳ್ದ, ಆ ಮಗೀಗೋಸ್ಕರ." ಮಂಟಪದಲ್ಲಿ ನಿಂತಿದ್ದ ಮಗನನ್ನು ನೋಡಿದರು, ಕಣ್ಣು ತುಂಬಿತ್ತು. "ಒಟ್ಟೆ ಉರೀತು ಕಣವ್ವ. ಆಮೇಲೆ, ಓಗ್ಲಿ ಬುಡು, ಇಡ್ದಿದ್ದ ಬುಡೋಳಲ್ಲ ಅಂದ್ಯಲ್ಲ, ನಾನಿಲ್ದಿದ್ರೂ ಇವನ್ನ ನೋಡ್ಕೊಳ್ಳೋರು ಒಬ್ರು ಸಿಕ್ಕುದ್ರು ಅನ್ನಿಸ್ತು. ಹೂ ತಗುದೆ."

ನನ್ನ ಕಣ್ಣಲ್ಲೂ ನೀರು. ಅವರು ಸೆರಗಿನಿಂದ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಆವತ್ತು ನಿಮ್ಮನೇಲಿ ಎಲ್ರೂ ಸುಳ್ಳೇ ಆಡಿದ್ರಿ. ಆ ಸೆರಗಿನ ಕತೆ ಯೋಳಿದ್ಯಲ್ಲ, ಅದೂ ಸುಳ್ಳಾ?"

"ಇಲ್ಲಕ್ಕ. ಅದೊಂದು ನಿಜ."

"ಸಾಕು ಬುಡು," ಎಂದು ನನ್ನ ಕೈ ಹಿಡಿದುಕೊಂಡು ಊಟಕ್ಕೆ ಕರೆದುಕೊಂಡು ಹೋದರು.