ಪಾರಾದೀಪದ ಕಾಗದಗಳು

ಮೀನುಬಂದರಿನಲ್ಲಿ ಐಸು ಒಡೆಯುವ ಸದ್ದು ನಿಂತಿತು, ಅಂದರೆ ಐದು ಗಂಟೆ, ಕೆಳಗೆ ಡೆಸ್ಮಂಡ್ ತಾನು ಹೊಲಿಯುತ್ತಿದ್ದ ಬಲೆಯ ರಾಶಿಯನ್ನು ಗೋಡೆಯ ಕಡೆಗೆ ಎಳೆಯುತ್ತಿದ್ದಾನೆ, ಮಕ್ಕಳು ಎಡವದೆ ನಮ್ಮ ಪಾಠದ ಸೆಂಟರಿನ ಮೆಟ್ಟಿಲು ಹತ್ತಲಿ ಎಂದು, ಹತ್ತೊಂಬತ್ತು ವರ್ಷದಿಂದ ಪ್ರತಿ ಶನಿವಾರ ಎಳೆಯುತ್ತಾನೆ, ಯಾರೂ ಹೇಳಿದ್ದಲ್ಲ, ಒಮ್ಮೆ ನಾನು, ಇಲ್ಲಿ ಎಲ್ಲರಿಗೂ ಪಾಟಿ ಮಿಸ್, ಅಜ್ಜಿ ಟೀಚರು, ಥ್ಯಾಂಕ್ಸ್ ಎಂದಿದ್ದಕ್ಕೆ ಏನ್ ಪಾಟಿ ಮಿಸ್, ಬಲೇಲಿ ಮೀನು ಬೀಳ್ಬೇಕು, ನಿಮ್ಮ ಮಕ್ಕಳು ಬಿದ್ರೆ ನಾನೇನ್ ಮಾರ್ಲಿ ಎಂದು ನಕ್ಕಿದ್ದ, ಆ ಮಾತು ನೆನಪಾದಾಗೆಲ್ಲ ನಗು ಬರುತ್ತಿತ್ತು, ಇವತ್ತು ಬರುತ್ತಿಲ್ಲ, ಆರಕ್ಕೆ ತಿರುಮಲೈ ಬರುತ್ತಾನೆ, ಇಲ್ಲಿ ಸಗಾಯಳಿಗೆ ಲೆಕ್ಕ ಹೇಳಿಕೊಡುತ್ತಿದ್ದವನು — ಬೆಳಿಗ್ಗೆ ಫೋನು, ಅಮ್ಮಾ, ಎರಡು ದಿನಕ್ಕೆ ಚೆನ್ನೈಗೆ ಬಂದಿದೀನಿ, ಸಂಜೆ ಸೆಂಟರಿಗೆ ಬರ್ಲಾ, ಸಗಾಯ ಇನ್ನೂ ಬರ್ತಿದಾಳಾ, ಒಂದು ಕಾಗದಾನೂ ಬರೀಲಿಲ್ಲ ನಾನು, ಅವಳಿಗೆ ಯಾವ ಮುಖ ತೋರಿಸ್ಲಿ — ಬಾಪ್ಪಾ ಎಂದುಬಿಟ್ಟೆ, ಬೇರೇನು ಹೇಳಲಿ, ಫೋನು ಇಟ್ಟ ಮೇಲೆ ಕಾಫಿ ಲೋಟದಲ್ಲೇ ಕೆನೆಗಟ್ಟಿತು. ಒಂದು ಕಾಗದಾನೂ ಬರೀಲಿಲ್ಲವಂತೆ. ಸಗಾಯಮೇರಿಯ ನೋಟುಬುಕ್ಕಿನ ಹಿಂಬದಿಯಲ್ಲಿ ಅವನ ಹೆಸರಿನ ಹದಿನಾಲ್ಕು ಕಾಗದಗಳಿವೆ, ಅನ್ನದ ಅಂಟು ಹಚ್ಚಿ, ಒಂದೊಂದರ ಮೂಲೆಯನ್ನೂ ಬೆರಳಿನಿಂದ ಒತ್ತಿ ಅಂಟಿಸಿಟ್ಟುಕೊಂಡಿದ್ದಾಳೆ, ಹದಿನಾಲ್ಕನ್ನೂ ಬರೆದವಳು ನಾನು. ಹತ್ತನೇ ಕ್ಲಾಸಿನ ಪರೀಕ್ಷೆಗೆ ಇನ್ನು ಹನ್ನೆರಡು ದಿನ. ಅವನು ಬಂದು ಒಂದೇ ಒಂದು ಮಾತು ಆಡಿದರೆ ಸಾಕು, ಈ ಮೆಟ್ಟಿಲು, ಈ ಬೆಂಚು, ನಾನು, ಎಲ್ಲ ಅವಳಿಗೆ ಸುಳ್ಳಾಗಿಬಿಡುತ್ತದೆ, ಎದ್ದು ಹೋಗುತ್ತಾಳೆ, ಹೋದ ಮಕ್ಕಳು ತಿರುಗಿ ಬರುವುದಿಲ್ಲ, ಅದು ನನಗೆ ಗೊತ್ತಿರುವಷ್ಟು ಈ ಕಾಸಿಮೇಡಿನಲ್ಲಿ ಇನ್ಯಾರಿಗೂ ಗೊತ್ತಿಲ್ಲ. ಅವನಿಗಿಂತ ಮೊದಲು ನಾನೇ ಹೇಳಬೇಕು. ಒಂದು ಗಂಟೆ ಇದೆ.

ಶುರುವಾದಾಗ ನಾಲ್ಕು ಮಕ್ಕಳು, ಚರ್ಚಿನ ಹೊರಜಗಲಿ, ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿ ಆಗಷ್ಟೇ ನಿವೃತ್ತಳಾದ ನಾನು, ಪಾಠ ಹೇಳಿಕೊಡುವುದು ಕಷ್ಟವಲ್ಲ ಅಂದುಕೊಂಡಿದ್ದೆ, ಕಷ್ಟವಾಗಲೂ ಇಲ್ಲ, ಕಷ್ಟವಾದದ್ದು ಹೇಳಿಕೊಡಲು ಬಂದವರನ್ನು ಉಳಿಸಿಕೊಳ್ಳುವುದು, ಎಷ್ಟು ಜನ ಬಂದರು ದೇವರೇ, ಹುಟ್ಟುಹಬ್ಬಕ್ಕೆ ಕೇಕು ತಂದು ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡವರು, ಸರ್ಟಿಫಿಕೇಟು ಬೇಕಾದ ಕಾಲೇಜು ಹುಡುಗಿಯರು, ಮೊದಲ ವಾರ ಕಣ್ಣಲ್ಲಿ ನೀರು ತಂದುಕೊಂಡು ಮೂರನೇ ವಾರ ತಲೆನೋವು ಮೇಡಂ ಎಂದವರು, ಹತ್ತು ಜನ ಬಂದರೆ ವರ್ಷ ದಾಟುವವರು ಮೂವರು. ಹಾಗಾಗಿಯೇ ಜೋಡಿ ಮಾಡಿದ್ದು, ಒಂದು ಮಗುವಿಗೆ ಒಬ್ಬರೇ ಜೊತೆಗಾರರು, ಒಂದೇ ದಿನ, ಒಂದೇ ಹೊತ್ತು, ಇಬ್ಬರಿಗೂ ಸೇರಿ ಒಂದು ನೋಟುಬುಕ್ಕು, ಮುಂದಿನಿಂದ ಲೆಕ್ಕ, ಹಿಂದಿನಿಂದ ಮಾತು — ಹಿಂಬದಿಯಲ್ಲಿ ಒಬ್ಬರು ಬರೆದರೆ ಇನ್ನೊಬ್ಬರು ಉತ್ತರ ಬರೆಯಲೇಬೇಕು, ಮೂರನೆಯವರು ಓದುವಂತಿಲ್ಲ, ನಾನೂ ಓದುವಂತಿಲ್ಲ, ನಾನೇ ಮಾಡಿದ ನಿಯಮ, ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದೇನೆ, ಈಗ ಅದಕ್ಕೆ ಬೆನ್ನು ಹಾಕಿ ಕೂತಿದ್ದೇನೆ. ಜೊತೆಗಾರರು ಹೇಳದೆ ಹೋದರೆ ಮಗುವಿಗೆ ಏನಾಗುತ್ತದೆ ಎಂದು ಮೊದಲು ತೋರಿಸಿದವನು ಸಿಲುವೈ, ಮೂರು ಶನಿವಾರ ಆ ಮೂರನೇ ಮೆಟ್ಟಿಲ ಮೇಲೆ ನೋಟುಬುಕ್ಕು ಹಿಡಿದು ಕಾದ, ನಾಲ್ಕನೆಯ ಶನಿವಾರ ಬರಲಿಲ್ಲ, ಈಗ ಬಂದರಿನಲ್ಲಿ ಐಸುಪೆಟ್ಟಿಗೆಯ ಗಾಡಿ ತಳ್ಳುತ್ತಾನೆ, ನಾನು ಎದುರು ಬಂದರೆ ಅಷ್ಟು ಭಾರದ ಗಾಡಿಯನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಾನೆ, ಹುಷಾರು ಪಾಟಿ ಮಿಸ್, ನೆಲ ಜಾರುತ್ತೆ — ಬೈದಿದ್ದರೆ ಚೆನ್ನಾಗಿತ್ತು. ತಿರುಮಲೈ ಹಾಗಲ್ಲ ಅಂದುಕೊಂಡಿದ್ದೆ, ಬಂದರಿನ ಕ್ರೇನಿನ ಎಂಜಿನಿಯರು, ಎರಡು ವರ್ಷ ಒಂದು ಶನಿವಾರ ತಪ್ಪಿಸಿದವನಲ್ಲ, ಮಳೆನೀರು ಮೊಣಕಾಲಿಗೆ ಬಂದ ದಿನವೂ ಪ್ಯಾಂಟು ಮಡಿಸಿಕೊಂಡು ಬಂದ, ಏ ಕತ್ತೆ, ಟ್ಯಾನ್ ಅಂದ್ರೆ ಸೈನು ಮೇಲೆ ಕಾಸು ಕೆಳಗೆ ಅಂತ ಎಷ್ಟು ಸಲ ಹೇಳ್ಲಿ ಎಂದು ಬೈದುಕೊಂಡೇ ಅವಳಿಗೆ ಲೆಕ್ಕದ ರುಚಿ ಹತ್ತಿಸಿದ, ಹೋದ ಜುಲೈಯಲ್ಲಿ ದೂರದ ಪಾರಾದೀಪ ಬಂದರಿಗೆ ವರ್ಗವಾಯಿತು, ನಾಲ್ಕೇ ದಿನದಲ್ಲಿ ಹೊರಡಬೇಕು, ಅವಳಿಗೆ ಕಾಗದ ಬರೀತೀನಿ ಅಮ್ಮಾ, ನೀವೇ ಹೇಳ್ಬಿಡಿ ಎಂದ, ಹೇಳಿದೆ. ಸಗಾಯ ಬರೆದಳು, ಕವರಿಗೆ ಅನ್ನ ಹಚ್ಚಿ ಮುಚ್ಚಿ ತಂದುಕೊಟ್ಟಳು, ಎರಡನ್ನು ನಾನು ನಿಜವಾಗಿಯೂ ಅಂಚೆಗೆ ಹಾಕಿದೆ, ಉತ್ತರವಿಲ್ಲ, ಫೋನು ಮಾಡಿದರೆ ಎತ್ತಲಿಲ್ಲ, ಆಗಸ್ಟಿನಲ್ಲಿ ಅವಳು ಆ ಮೂರನೇ ಮೆಟ್ಟಿಲ ಮೇಲೆ ಕೂತಿದ್ದು ನೋಡಿದೆ, ಅದೇ ಮೆಟ್ಟಿಲು, ಸಾರ್ ಕಾಗದ ಬಂತಾ ಪಾಟಿ ಮಿಸ್ — ಬಂದಿದೆ, ಮನೇಲಿ ಮರೆತು ಬಂದೆ, ಮುಂದಿನ ವಾರ ಕೊಡ್ತೀನಿ ಎಂದು ಬಾಯಿ ತಾನಾಗಿ ಹೇಳಿತು. ಆ ರಾತ್ರಿ ಊಟ ಮುಗಿಸಿ ಬರೆದೆ. ಅವನದು ನಕ್ಷೆ ಬರೆಯುವವರ ಕೈಬರಹ, ಅಕ್ಷರ ಅಕ್ಷರವೂ ಬಿಡಿ ಬಿಡಿ, ಎರಡು ವರ್ಷ ಬೋರ್ಡಿನ ಮೇಲೆ ನೋಡಿದ್ದೆ, ನಲವತ್ತು ವರ್ಷ ಎಲೆಯ ನರಗಳನ್ನು ಬರೆದ ಕೈಗೆ ಅದೇನು ಕಷ್ಟ, ಪಾರಾದೀಪದಲ್ಲಿ ಸಮುದ್ರ ಇನ್ನೂ ಕಪ್ಪಗಿದೆ, ಇಲ್ಲಿನ ಕ್ರೇನು ನಿನಗಿಂತ ಸೋಮಾರಿ ಎಂದೆಲ್ಲ ಬರೆದೆ, ಬರೆಯುತ್ತಾ ಖುಷಿಯೂ ಆಯಿತು, ಅದನ್ನು ಯಾರ ಹತ್ತಿರ ಹೇಳಿಕೊಳ್ಳಲಿ. ಮತ್ತೆ ಅವಳು ಉತ್ತರ ತಂದಳು, ಅನ್ನದಂಟು ಇನ್ನೂ ಒದ್ದೆ, ಪೋಸ್ಟ್ ಮಾಡಿ ಪಾಟಿ ಮಿಸ್ — ಮನೆಗೆ ಹೋಗಿ ಒಡೆದೆ. ಯಾರಾದರೂ ಒಬ್ಬರು ಓದಬೇಕಲ್ಲ ಎಂದು ಸಮಾಧಾನ ಹೇಳಿಕೊಂಡೆ, ಕಳ್ಳರೂ ಏನೋ ಒಂದು ಹೇಳಿಕೊಳ್ಳುತ್ತಾರೆ.

ಐದೂಕಾಲು, ಮೇಲಿನ ಫ್ಯಾನು ಕಿರುಗುಟ್ಟುತ್ತಿದೆ, ಚಿಕ್ಕ ಮಕ್ಕಳು ಆ ಮೂಲೆಯಲ್ಲಿ ಮಗ್ಗಿ ಹೇಳುತ್ತಿದ್ದಾರೆ, ಹದಿಮೂರರ ಮಗ್ಗಿಯಲ್ಲಿ ಎಲ್ಲರೂ ಒಂದೇ ಕಡೆ ತಡವರಿಸುತ್ತಾರೆ, ಸಗಾಯ ಇನ್ನೂ ಬರಲಿಲ್ಲ, ಸಿಗಡಿ ಶೆಡ್ಡಿನಲ್ಲಿ ತಡವಾಯಿತೋ ಏನೋ, ಇಲ್ಲ, ಶೆಡ್ಡು ಬಿಟ್ಟಿದ್ದಾಳಲ್ಲ. ಶೆಡ್ಡಿನ ವಿಷಯ ಬಂದದ್ದು ಅಕ್ಟೋಬರಿನ ಕವರಿನಲ್ಲಿ, ಸಾರ್, ಬೆಳಿಗ್ಗೆ ನಾಲ್ಕಕ್ಕೆ ಅಮ್ಮನ ಜೊತೆ ಸಿಗಡಿ ಸುಲಿಯೋಕೆ ಹೋಗ್ತಿದೀನಿ, ಐಸುನೀರಲ್ಲಿ ಕೈ ಮರಗಟ್ಟುತ್ತೆ, ಸಿಗಡಿಯ ಕೊಂಬು ಚುಚ್ಚುತ್ತೆ, ಕ್ಲಾಸಲ್ಲಿ ಪೆನ್ನು ಹಿಡಿಯೋಕಾಗಲ್ಲ, ಹತ್ತನೇದು ಮುಗಿದ್ಮೇಲೆ ಓದು ಸಾಕು ಅಂತಿದಾಳೆ ಅಮ್ಮ, ಪಾಟಿ ಮಿಸ್‌ಗೆ ಮಾತ್ರ ಹೇಳ್ಬೇಡಿ ಸಾರ್ — ಪಾಟಿ ಮಿಸ್‌ಗೆ ಮಾತ್ರ ಹೇಳ್ಬೇಡಿ, ಅದನ್ನು ಪಾಟಿ ಮಿಸ್ ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದಳು. ಕೇಳುವಂತಿಲ್ಲ, ಕೇಳಿದರೆ ಹೇಗೆ ಗೊತ್ತಾಯಿತು ಅನ್ನುತ್ತಾಳೆ. ಕೇಳದೆ ಇರಲೂ ಆಗದೆ ದಪ್ಪ ರಬ್ಬರಿನ ಗ್ಲೌಸು ಒಂದು ಜೊತೆ ತಂದೆ, ಪೇಪರಿನಲ್ಲಿ ಸುತ್ತಿ, ಮನೇಲಿ ಎರಡಿತ್ತು, ಒಂದು ನೀನಿಟ್ಕೋ, ಯಾವುದಕ್ಕಾದ್ರೂ ಆಗುತ್ತೆ ಎಂದು ಕೊಟ್ಟೆ, ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡಳು. ಆಮೇಲಿನ ಕಾಗದಗಳೆಲ್ಲ ಎಷ್ಟು ಹಗುರ, ಶೆಡ್ಡು ಬಿಟ್ಟೆ ಸಾರ್, ಅಮ್ಮ ಓದು ಅಂತಿದಾಳೆ, ಚೆನ್ನಾಗಿ ನಿದ್ದೆ ಬರುತ್ತೆ, ಎಲ್ಲಾ ಸರಿಯಾಗಿದೆ — ಓದಿ ಓದಿ ನನ್ನ ಮನಸ್ಸು ತುಂಬುತ್ತಿತ್ತು, ಮಾಡಿದ ತಪ್ಪಿಗೂ ಒಂದು ಫಲ ಸಿಕ್ಕಿತು ಎಂದುಕೊಂಡೆ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದು, ಅವಳೇ, ಎರಡೆರಡು ಮೆಟ್ಟಿಲು ಹಾರಿ ಬರುವವಳು ಅವಳೊಬ್ಬಳೇ. ಬಂದಳು, ಕೂತಳು, ನೋಟುಬುಕ್ಕನ್ನು ಬೆಂಚಿನ ಮೇಲೆ ಹಿಂಬದಿ ಮೇಲಾಗಿ ಇಟ್ಟು ಅದರ ಮೇಲೆ ಎಡಗೈಯನ್ನು ಬೋರಲು ಹಾಕಿದಳು, ಈಚೆಗೆ ಹೀಗೇ, ಕೈ ಯಾವಾಗಲೂ ಬೋರಲು. ಸಗಾಯ, ಒಂದು ಮಾತಿದೆ. ಬೈಯೋಕಾ ಪಾಟಿ ಮಿಸ್? ಮೊದ್ಲು ಹಾಲ್ ಟಿಕೆಟ್ ನೋಡಿ, ಆಮೇಲೆ ಬೈರಿ, ಫೋಟೋದಲ್ಲಿ ಈಗಷ್ಟೇ ಸರ ಕದ್ದು ಸಿಕ್ಕಿಬಿದ್ದೋಳ ಥರ ಬಂದಿದೀನಿ. ನೋಡಿದೆ, ಹಾಗೆಯೇ ಇದ್ದಳು, ಇಬ್ಬರೂ ನಕ್ಕೆವು, ನಗು ಮುಗಿಯುವುದರೊಳಗೆ ಹೇಳಿಬಿಡಬೇಕು, ಇಲ್ಲದಿದ್ದರೆ ಆಗುವುದಿಲ್ಲ — ಪಾರಾದೀಪದ ಕಾಗದಗಳು, ಅವನ್ನ ತಿರುಮಲೈ ಬರೆದಿಲ್ಲಮ್ಮಾ, ನಾನು ಬರೆದೆ, ನಿನ್ನ ಕವರುಗಳನ್ನೂ ನಾನೇ ಒಡೆದು ಓದಿದೆ. ಅವಳು ಹಾಲ್ ಟಿಕೆಟ್ಟನ್ನು ಮಡಿಸಿದಳು. ಗೊತ್ತು ಎಂದಳು.

ಗೊತ್ತು. ಯಾವಾಗಿನಿಂದ? ಗ್ಲೌಸ್ ಕೊಟ್ರಲ್ಲ, ಅವತ್ತಿಂದ. ಶೆಡ್ಡಿನ ವಿಷಯ ಆ ಕವರಿಗೆ ಬಿಟ್ರೆ ಯಾರಿಗೂ ಹೇಳಿರ್ಲಿಲ್ಲ. ಮೊದ್ಲು ಸಾರೇ ನಿಮ್ಗೆ ಹೇಳ್ಬಿಟ್ರು ಅಂತ ಕೋಪ ಬಂತು, ಆಮೇಲೆ ಎಲ್ಲಾ ಕಾಗದ ತಿರುಗಿ ಓದಿದೆ. ಸಾರ್ ಎರಡು ವರ್ಷದಲ್ಲಿ ನನ್ನ ಕತ್ತೆ ಅಂದಿದಾರೆ, ಕೋತಿ ಅಂದಿದಾರೆ, ಕಾಗದದಲ್ಲಿ ಮಾತ್ರ ಚಿನ್ನಾ ಚಿನ್ನಾ — ಪಾರಾದೀಪಕ್ಕೆ ಹೋದ್ರೆ ಮನುಷ್ಯ ಅಷ್ಟು ಬದಲಾಗ್ತಾನಾ ಪಾಟಿ ಮಿಸ್? ತಮಾಷೆ ಮಾಡುತ್ತಿದ್ದಾಳೆ, ನನ್ನ ಕಣ್ಣು ಒದ್ದೆಯಾಗದಿರಲಿ ಎಂದು ಮಾಡುತ್ತಿದ್ದಾಳೆ. ಮತ್ತೆ ಯಾಕಮ್ಮಾ ಬರೀತಾನೇ ಬಂದೆ? ಬಂದ ಕಾಗದಕ್ಕೆ ಉತ್ತರ ಬರೀಬೇಕು ಅಂತ ನೀವೇ ಬರೆಸಿದೀರಲ್ಲ ಎಂದು ಗೋಡೆಯ ಕಡೆ ಗಲ್ಲ ಎತ್ತಿದಳು, ಆಮೇಲೆ ಸಣ್ಣ ದನಿಯಲ್ಲಿ, ನೀವೂ ಕಾಯ್ತಿದ್ರಿ ಪಾಪ, ಕವರು ಕೊಟ್ಟಾಗ ನಿಮ್ಮ ಮುಖ ನೋಡ್ಬೇಕಿತ್ತು. ಶೆಡ್ಡು ಬಿಟ್ಟೆ ಅಂತ ನೀನು ಬರೆದಿದ್ದೆಯಲ್ಲ? ಬಿಟ್ಟಿಲ್ಲ. ಅಮ್ಮ ಓದು ಅಂತಿದಾಳೆ ಅಂತ? ಅನ್ನಲ್ಲ. ನಿದ್ದೆ? ಬೆಂಚಿನ ಮೇಲೆ ಬರುತ್ತೆ. ಗ್ಲೌಸಾದ್ರೂ ಹಾಕ್ಕೊಳ್ತೀಯಾ? ಹಾಕ್ಕೊಂಡ್ರೆ ಸಿಗಡಿ ಜಾರುತ್ತೆ ಪಾಟಿ ಮಿಸ್, ಮೇಸ್ತ್ರಿ ಬೈತಾನೆ, ಅದನ್ನ ಅಮ್ಮ ಹಾಕ್ಕೊಂಡು ಪಾತ್ರೆ ತೊಳೀತಾಳೆ, ಮಹಾರಾಣಿ ಥರ. ಅಕ್ಟೋಬರ್, ನವೆಂಬರ್, ಡಿಸೆಂಬರ್, ಕ್ರಿಸ್ಮಸ್ಸಿಗೆ ಬೇರೆ ಒಂದು ಕಾಗದ, ಜನವರಿ — ಹೇಳಿಕೊಳ್ಳಲು ಅವಳಿಗಿದ್ದದ್ದು ಒಂದೇ ಒಂದು ಕವರು, ಅದನ್ನು ನಾನು ಒಡೆದೆ, ಅಂದಿನಿಂದ ಅವಳು ಯಾರಿಗೂ ಏನೂ ಹೇಳಿಲ್ಲ, ಹದಿನೈದು ವರ್ಷದ ಮಗು, ನಾಲ್ಕು ಗಂಟೆಗೆ ಐಸುನೀರಿಗೆ ಕೈ ಹಾಕಿ ಬಂದು, ಸಂಜೆ ಕೂತು, ನನ್ನ ಮನಸ್ಸಿಗೆ ನೋವಾಗದಂತೆ ಸುಖದ ಸಮಾಚಾರ ಬರೆದಿದ್ದಾಳೆ, ನಾನು ಓದಿ ನೆಮ್ಮದಿಯಾಗಿ ಮಲಗಿದ್ದೇನೆ. ಆ ಬೋರಲು ಕೈ. ಬೆರಳ ತುದಿ ಬಿಳಿಚಿ ಸುಕ್ಕಾಗಿರುವುದು ಪ್ರತಿ ಶನಿವಾರ ಕಾಣುತ್ತಿತ್ತು, ಕಂಡೂ ಕಾಣದವಳ ಹಾಗೆ ಇದ್ದೆ, ಗೊತ್ತಿದೆ ಎಂದು ಗೊತ್ತಾಗಬಾರದಲ್ಲ, ಈಗಲೂ ಅದನ್ನೇ ನೋಡುತ್ತಿದ್ದೇನೆ, ಕೇಳಲು ಬಾಯಿ ಬರುತ್ತಿಲ್ಲ, ಕೇಳುವುದು ಯಾವ ಮುಖದಿಂದ.

ಕೆಳಗೆ ಡೆಸ್ಮಂಡನ ಗಂಟಲು, ಓ ಕ್ರೇನ್ ಸಾರ್, ಪಾರಾದೀಪದಲ್ಲಿ ಮೀನಿಲ್ವಾ, ಕರುವಾಡು ಮೀನಿನ ಥರ ಒಣಗಿಹೋಗಿದೀರಲ್ಲ — ಆರಾಗಿಲ್ಲ ಇನ್ನೂ, ಮುಂಚೆಯೇ ಬಂದಿದ್ದಾನೆ, ನಿಧಾನ ಹತ್ತುತ್ತಿದ್ದಾನೆ, ಮೇಲಿನ ಮೆಟ್ಟಿಲಲ್ಲಿ ಒಂದು ಕ್ಷಣ ನಿಂತ, ಕೈಯಲ್ಲಿ ಸಿಹಿಯ ಡಬ್ಬಿ, ಏ ಕತ್ತೆ, ಎಷ್ಟು ಉದ್ದ ಆಗಿದೀಯೇ ಎಂದ, ಡಬ್ಬಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದ, ಬರೀಲಿಲ್ಲ ಸಗಾಯ, ನಿನ್ನ ಕಾಗದ ಎರಡು ಬಂತು, ಹೇಳದೆ ಹೋದೋನು ಏನು ಬರೀಲಿ ಅಂತ ಪ್ರತಿ ಭಾನುವಾರ ಕೂತು ಎದ್ದೆ. ಪರವಾಗಿಲ್ಲ ಸಾರ್. ಬೆಂಚಿನ ತುದಿಯಲ್ಲಿ ಕೂತ, ನೋಟುಬುಕ್ಕು ನೋಡಿದ, ಹಿಂಬದಿ ಈಗ ಯಾರು ಬರೀತಿದಾರೆ? ಯಾರೂ ಇಲ್ಲ ಸಾರ್, ಖಾಲಿ ಎಂದಳು ಸಗಾಯ, ಕಣ್ಣು ಮಿಟುಕಿಸದೆ, ಬೋರಲು ಕೈಯನ್ನು ರಟ್ಟಿನ ಮೇಲೆ ಇನ್ನಷ್ಟು ಒತ್ತಿ, ನನ್ನ ಹದಿನಾಲ್ಕು ಸುಳ್ಳುಗಳನ್ನು ಆ ಕೈ ಮುಚ್ಚಿಟ್ಟಿತು, ಮತ್ತೆ ನನಗಾಗಿ, ಇದೂ ನನಗಾಗಿಯೇ, ಸಾಕು — ಖಾಲಿಯಲ್ಲ ತಿರುಮಲೈ, ನಿನ್ನ ಹೆಸರಲ್ಲಿ ನಾನು ಬರೆದಿದೀನಿ, ಇವಳು ನಿನಗೆ ಬರೆದದ್ದನ್ನೂ ಓದಿದೀನಿ. ಅವನು ನನ್ನನ್ನು ನೋಡಲಿಲ್ಲ, ನೋಟುಬುಕ್ಕನ್ನೂ ಅಲ್ಲ, ಆ ಕೈಯನ್ನೇ ನೋಡುತ್ತಿದ್ದ, ಕೈಗೇನಾಯ್ತೇ ಎಂದ. ಅಷ್ಟೇ. ಅಷ್ಟು ಸಣ್ಣ ಪ್ರಶ್ನೆ, ಬಂದ ಎರಡನೇ ನಿಮಿಷಕ್ಕೆ. ಐದು ತಿಂಗಳು ನನ್ನ ನಾಲಿಗೆಯ ಮೇಲೆ ಕೂತಿತ್ತಲ್ಲ, ಕಾಗದ ಬರೆದೆ, ಗ್ಲೌಸು ತಂದೆ, ಹಾಲು ಕುಡಿ ಎಂದೆ, ಇದೊಂದನ್ನು ಕೇಳಲಿಲ್ಲ. ಏನಿಲ್ಲ ಸಾರ್ ಎಂದಳು ಅವನಿಗೆ. ಆಮೇಲೆ ನಾನೇ ಕೇಳಿದೆ, ಸಗಾಯ, ನೋಯುತ್ತೇನಮ್ಮಾ? ಅವಳು ನನ್ನ ಕಡೆ ತಿರುಗಿದಳು, ನೋಡಿದಳು, ಏಟು ತಿಂದ ಮಕ್ಕಳು ಏನಾದರೂ ಕೊಡಲು ಬಂದ ಕೈಯನ್ನೂ ಅನುಮಾನದಿಂದ ನೋಡುವ ಹಾಗೆ, ಇನ್ನು ಏಳುತ್ತಾಳೆ, ಎದ್ದು ಹೋಗುತ್ತಾಳೆ, ಹೋಗಲಿ, ಹೋಗುವ ಹಕ್ಕಿದೆ — ಕೈ ಅಲುಗಿತು, ಎತ್ತಲಿಲ್ಲ, ನೋಟುಬುಕ್ಕಿನ ಮೇಲೆಯೇ ನಿಧಾನವಾಗಿ ಮಗ್ಗುಲಾಯಿತು, ಮಗುಚಿಕೊಂಡಿತು, ಅಂಗೈ, ಉಪ್ಪುನೀರು ತಿಂದ ಬಿಳಿ ಚರ್ಮ, ಕೊಂಬು ಚುಚ್ಚಿದ ಗುರುತು ಒಂದು, ಎರಡು, ನಾಲ್ಕು, ಹೆಬ್ಬೆರಳ ಬುಡದಲ್ಲಿ ಇನ್ನೂ ಹಸಿಯಾಗಿರುವುದು ಒಂದು, ನೋಡಿ ಎನ್ನುವ ಹಾಗೆ, ಅಂಗೈ, ನನ್ನ ಕಡೆಗೆ, ತೆರೆದ ಅಂಗೈ