ರಕ್ತನಿಧಿಯ ಕಂಪ್ಯೂಟರಿನಲ್ಲಿ ಬಡಿಸುತ್ತಿದ್ದವನು

ನನಗೆ ಕೈಯಿಲ್ಲ, ಕಾಲಿಲ್ಲ, ಆದರೂ ಬಡಿಸುವುದೇ ನನ್ನ ಕಸುಬು. ಲಿನಕ್ಸ್ ಎಂಬ ವ್ಯವಸ್ಥೆಯೊಳಗಿನ ಹಳೆಯ ಏರ್ಪಾಡು ನಾನು. ಹೆಸರು ಸಿಗ್ರೂಪ್, ಮೊದಲನೆಯ ಆವೃತ್ತಿ. ಒಂದೇ ಕಂಪ್ಯೂಟರಿನಲ್ಲಿ ಹಲವು ತಂತ್ರಾಂಶಗಳು ಕಂಟೇನರ್ ಎಂಬ ಬೇರೆ ಬೇರೆ ಕೋಣೆಗಳಲ್ಲಿ ವಾಸ ಮಾಡುತ್ತವೆ. ಯಾವ ಕೋಣೆಗೆ ಎಷ್ಟು ಮೆಮೊರಿ ಎಂದು ಅಳೆದು ಹಾಕುವವನು ನಾನು. ಬಡಿಸುವವನು ನಮ್ಮವನಾದರೆ ಕಡೆಯ ಪಂಕ್ತಿಯಲ್ಲಿ ಕೂತರೂ ಚಿಂತೆಯಿಲ್ಲ ಅನ್ನುತ್ತಾರಲ್ಲ, ನಾನು ಯಾರವನೂ ಅಲ್ಲ. ಅದೇ ನನ್ನ ಜಂಬ.

ನನ್ನನ್ನು ಕಟ್ಟಿದವರು ಕಡಲಾಚೆಯ ಎಂಜಿನಿಯರುಗಳು. ಒಬ್ಬರು ಮೆಮೊರಿಯ ಲೆಕ್ಕ ಕಟ್ಟಿದರು, ಇನ್ನೊಬ್ಬರು ಪ್ರೊಸೆಸರಿನದು. ಒಬ್ಬರನ್ನೊಬ್ಬರು ಕೇಳಲೇ ಇಲ್ಲ. ಅನ್ನಕ್ಕೊಂದು ಸಾಲು, ಸಾರಿಗೊಂದು ಸಾಲು ಎಂಬಂಥ ಹುಟ್ಟು ನನ್ನದು. ಅದಕ್ಕಾಗಿ ಎಲ್ಲರಿಂದ ಬೈಸಿಕೊಂಡೆ, ಬೈಸಿಕೊಳ್ಳುತ್ತಲೇ ದುಡಿದೆ.

ಹುಬ್ಬಳ್ಳಿಯ ಒಂದು ರಕ್ತನಿಧಿಗೆ ನನ್ನನ್ನು ತಂದವರು ಶ್ರೀಪಾದ ಕುರ್ತಕೋಟಿ ಎಂಬವರು. ಅವರು ನಿವೃತ್ತರಾದ ಮೇಲೆ ಕಂಪ್ಯೂಟರಿನ ಉಸ್ತುವಾರಿ ಫರ್ಜಾನಾ ಮುಲ್ಲಾಳ ಕೈಗೆ ಬಂತು. ಇಲ್ಲಿ ನನ್ನ ಮುಖ್ಯ ಅತಿಥಿ ರಕ್ತದ ದಾಸ್ತಾನು ನೋಡಿಕೊಳ್ಳುವ ತಂತ್ರಾಂಶ. ಹಳೆಯ ಕಾಲದ್ದು, ಮಹಾ ಹೊಟ್ಟೆಬಾಕ. ಎದ್ದ ಕೂಡಲೇ ನನ್ನನ್ನು ಕೇಳುತ್ತದೆ, ‘ಎಷ್ಟು ತಿನ್ನಬಹುದು?’ ನಾಲ್ಕು ಜಿಬಿ ಅನ್ನುತ್ತೇನೆ. ಅಷ್ಟರಲ್ಲೇ ಬದುಕುತ್ತದೆ. ನನ್ನ ಹೊರತು ಬೇರೆ ಯಾರನ್ನೂ ಕೇಳಲು ಅದಕ್ಕೆ ಬರುವುದಿಲ್ಲ.

ಹೀಗಿರುವಾಗ ನನ್ನ ತಮ್ಮ, ಎರಡನೆಯ ಆವೃತ್ತಿ, ಬಂದ. ಅಚ್ಚುಕಟ್ಟು, ಒಂದೇ ಸಾಲು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ. ಮಿತಿ ಮೀರಿದವರನ್ನು ಮುಲಾಜಿಲ್ಲದೆ ಹೊರಹಾಕುತ್ತಾನೆ. ಅದನ್ನು ನಾನೂ ಮಾಡುತ್ತಿದ್ದೆನೆನ್ನಿ. ನನ್ನನ್ನು ತೆಗೆದು ಅವನನ್ನು ಕೂರಿಸುವುದೆಂದು ತೀರ್ಮಾನವಾಯಿತು. ಹೋಗುವುದಕ್ಕೆ ನನಗೆ ಬೇಸರವಿರಲಿಲ್ಲ, ಹೆದರಿಕೆ ಇತ್ತು. ಆ ಹೊಟ್ಟೆಬಾಕ ಇನ್ನು ಯಾರನ್ನು ಕೇಳಬೇಕು?

ಫರ್ಜಾನಾ ಅಜಾಗರೂಕಳಲ್ಲ. ಮೊದಲು ಪರೀಕ್ಷೆಯ ಯಂತ್ರವೊಂದರಲ್ಲಿ ಎಲ್ಲ ಓಡಿಸಿ ನೋಡಿದಳು, ಸಲೀಸಾಗಿ ಓಡಿತು. ಆದರೆ ಆ ಯಂತ್ರ ಪುಟ್ಟದು. ಅದರ ಇಡೀ ಮೆಮೊರಿಯೇ ನಾಲ್ಕು ಜಿಬಿ! ಅಲ್ಲಿ ಮಿತಿ ಕಾಣದಿದ್ದರೂ ಅತಿಯಾಗಿ ತಿನ್ನಲು ಏನಿತ್ತು? ಇಲ್ಲಿನ ದೊಡ್ಡ ಯಂತ್ರದಲ್ಲಿ ಮಿತಿ ಕಾಣದಿದ್ದರೆ ಮನೆಯೆಲ್ಲ ತನ್ನದೇ ಎಂದುಕೊಳ್ಳುತ್ತದೆ. ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ. ಒಂದು ಭಾನುವಾರ ಬೆಳಿಗ್ಗೆ ನನ್ನನ್ನು ನಿಲ್ಲಿಸಿ ತಮ್ಮನನ್ನು ಎಬ್ಬಿಸಿದರು.

ಮುಂದಿನದನ್ನು ಆಮೇಲೆ ಅವರ ಮಾತುಗಳಿಂದ ತಿಳಿದೆ. ತಂತ್ರಾಂಶ ಎದ್ದಿತು, ಬಾಚಿ ಬಾಚಿ ತಿಂದಿತು, ನಾಲ್ಕು ದಾಟಿತು, ನನ್ನ ತಮ್ಮ ಅದರ ಕತ್ತು ಹಿಡಿದು ಹೊರಗೆ ಹಾಕಿದ. ಮತ್ತೆ ಎದ್ದಿತು, ಮತ್ತೆ ಸತ್ತಿತು. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನು. ರಕ್ತ ಕೊಡುವ ಕಿಟಕಿಯ ಗುರುಸಿದ್ದಪ್ಪ ಹೊಂಬಳ ಓಡಿಬಂದರು.

“ಮೇಡಂ, ಸ್ಟಾಕ್ ತೆರೀವಲ್ದರಿ! ಹೆರಿಗಿ ಆದಾಕಿಗೆ ರಕ್ತ ನಿಲ್ಲವಲ್ದಂತ. ಓ ನೆಗೆಟಿವ್ ಬೇಕಂತರಿ.”

“ಫ್ರಿಜ್‌ನ್ಯಾಗ ಇಲ್ಲೇನ್ರಿ?”

“ಚೀಲ ಅದಾವ್ರಿ. ತಪಾಸಣಿ ಮುಗಿದದ್ದು ಯಾವುದು ಅಂತ ಕಂಪ್ಯೂಟರ್ ಹೇಳದ ಹ್ಯಾಂಗ್ ಕೊಡ್ಲಿ? ತಪ್ಪಿದ್ರ ಆಕಿ ಜೀವಾನ ಹೋಗ್ತದ.”

ಫರ್ಜಾನಾ ಕೀಲಿಮಣೆ ಎಳೆದುಕೊಂಡಳಂತೆ. ಕಾರಣ ಹುಡುಕುತ್ತ ಕೂರಲು ಹೊತ್ತಿರಲಿಲ್ಲ. ಯಂತ್ರ ಶುರುವಾಗುವಾಗ ‘ಹಳೆಯದೇ ಇರಲಿ’ ಎಂದು ಒಂದು ಸಾಲು ಬರೆದರೆ ಸಾಕು, ನಾನು ಏಳುತ್ತೇನೆ. ಬರೆದಳು. ಎದ್ದೆ. ಹೊಟ್ಟೆಬಾಕ ಕೇಳಿತು, ನಾಲ್ಕು ಎಂದೆ. ಪರದೆ ತೆರೆಯಿತು. ಹೊಂಬಳರು ಚೀಲ ಹಿಡಿದು ಓಡಿದರು. ಆಕೆ ಬದುಕುತ್ತಾಳೋ ಇಲ್ಲವೋ ಎಂದು ನಾನು ಸಂಜೆಯವರೆಗೆ ಬೆಂದುಹೋದೆ.

ಬದುಕಿದಳು. ಆಕೆಯ ಗಂಡ ಪೇಡೆ ತಂದ. ಆ ಡಬ್ಬಿಯನ್ನು ನನ್ನ ಪೆಟ್ಟಿಗೆಯ ಮೇಲೆಯೇ ಇಟ್ಟರು, ಬೇರೆ ಜಾಗವಿರಲಿಲ್ಲ.

ಫರ್ಜಾನಾ ಮಾತ್ರ ಪೇಡೆ ಮುಟ್ಟಲಿಲ್ಲ. ಕಾರಣ ಸಿಗುವವರೆಗೆ ಹುಡುಕಿದಳು. ಹೊಟ್ಟೆಬಾಕನಿಗೆ ಹೊಸಬನನ್ನು ಕೇಳುವ ಬುದ್ಧಿ ಕಲಿಸಿದಳು, ಈ ಸಲ ಇಷ್ಟೇ ದೊಡ್ಡ ಇನ್ನೊಂದು ಯಂತ್ರದಲ್ಲಿ ಪರೀಕ್ಷಿಸಿದಳು. ಇನ್ನು ಸ್ವಲ್ಪ ಹೊತ್ತಿನಲ್ಲಿ ನನ್ನನ್ನು ಮತ್ತೆ ನಿಲ್ಲಿಸುತ್ತಾರೆ. ಮುಂದೆ ಬರುವ ಲಿನಕ್ಸಿನಲ್ಲಿ ನನ್ನನ್ನು ಎಬ್ಬಿಸುವ ಆ ಸಾಲಿಗೂ ಬೆಲೆಯಿರುವುದಿಲ್ಲ ಎಂದು ಕೇಳಿದ್ದೇನೆ. ಅಂದರೆ ಅದು ಬಂದ ಮೇಲೆ ಇನ್ನೊಮ್ಮೆ ಎಡವಿದರೆ ನಾನು ಏಳಲಾರೆ. ಭಯ ಅದೊಂದೇ.

“ಈ ಸಲ ಗಟ್ಟಿ ಏನ್ರಿ ಮೇಡಂ?” ಎಂದು ಹೊಂಬಳರು ಬಾಗಿಲಲ್ಲೇ ನಿಂತು ಕೇಳುತ್ತಿದ್ದಾರೆ. ಅವರಿಗೂ ನನ್ನದೇ ಭಯ.

“ಗಟ್ಟಿ ಐತ್ರಿ. ಆದ್ರೂ ಒಮ್ಮೆ ಇದನ್ನ ಕೇಳಿ ನೋಡ್ತೀನಿ.”

ಅವಳು ಕೀಲಿಮಣೆಯ ಮೇಲೆ ಬೆರಳಾಡಿಸಿ ಮಿತಿ ಎಷ್ಟೆಂದು ನನ್ನನ್ನೇ ಕೇಳಿದಳು. ಉತ್ತರ ಅವಳಿಗೆ ಗೊತ್ತಿತ್ತು.

ನಾಲ್ಕು ಎಂದೆ.