ಥಿಯೊನಿಲ್ಲಾಳ ಮುಂದಿನ ಚಾಪೆ

ಫಿಲಾಮ್ಮೋನನ ಗೋದಿ ದೋಣಿ ದಡ ಮುಟ್ಟಿದ ದಿನ ನನ್ನ ಚಾಪೆಯನ್ನು ಎತ್ತಿ ಸಾಲಿನ ಕಟ್ಟಕಡೆಗೆ ಹಾಕಿದರು.

ನೈಲ್ ದಡದ ನಮ್ಮ ಕ್ರೈಸ್ತ ಸನ್ಯಾಸಿನಿಯರ ಮಠದಲ್ಲಿ ಯಾರ ಮುಂದೆ ಯಾರು ಕೂರಬೇಕೆಂಬುದಕ್ಕೆ ಒಂದೇ ಕಟ್ಟಳೆ. ಬಾಗಿಲೊಳಗೆ ಮೊದಲು ಕಾಲಿಟ್ಟವಳು ಮುಂದೆ, ಆಮೇಲೆ ಬಂದವಳು ಹಿಂದೆ. ಕೀರ್ತನೆಗೂ ಅದೇ ಸಾಲು, ರೊಟ್ಟಿಗೂ ಅದೇ ಸಾಲು. ಹುಟ್ಟು, ಆಸ್ತಿ, ವಯಸ್ಸು ಯಾವುದೂ ಲೆಕ್ಕಕ್ಕಿಲ್ಲ.

ನಾನು ತಾಪೊಲ್ಲೆ, ಥಿಯೊನಿಲ್ಲಾಳ ಮನೆಯ ತೊತ್ತು. ಗಂಡ ಸತ್ತ ಮೇಲೆ ಅವಳು ಲೋಕ ಬಿಟ್ಟು ಹೊರಟಾಗ ಗಂಟು ಹೊತ್ತು ಅವಳ ಕತ್ತೆಯ ಹಿಂದೆ ನಡೆದು ಬಂದೆ. ಒಡತಿಯಾದವಳು ತಾನೇ ಬಾಗಿಲು ತಟ್ಟುತ್ತಾಳೆಯೇ? "ಹೋಗೇ, ತಟ್ಟು" ಎಂದಳು. ತಟ್ಟಿದೆ. ಬಾಗಿಲು ಕಾಯುವ ಮುದುಕಿ ಏನು ಬೇಕೆಂದಳು. "ದೇವರನ್ನ ಹುಡುಕ್ಕೊಂಡು ಬಂದಿದೀವಿ" ಎಂದು ಒಡತಿ ಹೇಳಿಕೊಟ್ಟಿದ್ದನ್ನೇ ಒಪ್ಪಿಸಿದೆ. ಮುದುಕಿ ನನ್ನ ಕೈ ಹಿಡಿದು ಒಳಗೆಳೆದುಕೊಂಡಳು. ಥಿಯೊನಿಲ್ಲಾ ಇನ್ನೂ ಕತ್ತೆಯಿಂದ ಇಳಿಯುತ್ತಿದ್ದಳು.

ಆ ಸಂಜೆ ರೊಟ್ಟಿಯ ಬುಟ್ಟಿ ನನ್ನ ಕೈಗೆ ಬಂತು. ಮುಟ್ಟದೆ ಹಿಂದಿದ್ದ ಒಡತಿಗೆ ದಾಟಿಸಿದೆ. ಆಗ ಮಠ ನಡೆಸುವ ಹಿರಿಯವ್ವನಾಗಿದ್ದವಳು ತಾಹೋಮ್. ಎದ್ದು ಬಂದು ಬುಟ್ಟಿಯನ್ನು ಮತ್ತೆ ನನ್ನ ತೊಡೆಯ ಮೇಲಿಟ್ಟಳು. "ಮೊದ್ಲು ನೀನು ತಗೋ ಮಗಳೇ. ಆಮೇಲೆ ಕೊಡು." ಹುಟ್ಟಿದಾಗಿನಿಂದ ಬೇರೆಯವರು ಕಚ್ಚಿ ಬಿಟ್ಟ ರೊಟ್ಟಿಯನ್ನೇ ತಿಂದವಳು ನಾನು. ಅಂದು ಇಡೀ ರೊಟ್ಟಿ ತಿಂದೆ. ತಿನ್ನುತ್ತಲೇ ಅತ್ತೆ.

ಥಿಯೊನಿಲ್ಲಾ ಒಂದಷ್ಟು ಕಾಲ ಮುಖ ಊದಿಸಿಕೊಂಡಿದ್ದಳು, ಆಮೇಲೆ ಅವಳಿಗೂ ನಗು ಬಂತು. "ನಿನ್ನ ಬೆನ್ನು ನೋಡ್ತಾ ನೋಡ್ತಾ ಮುಪ್ಪಾಗ್ಹೋದೆ ಕಣೇ. ಸ್ವರ್ಗದಲ್ಲೂ ಇದೇ ಬೆನ್ನೇ ಗತಿಯೇನೋ." ನನಗೆ ಅಕ್ಷರ ಕಲಿಸಿದವಳೂ ಅವಳೇ.

ಒಂದು ತೊಡಕು ಮಾತ್ರ ಉಳಿದಿತ್ತು. ಥಿಯೊನಿಲ್ಲಾಳ ಅಪ್ಪ ನನ್ನನ್ನು ಮಗಳಿಗೆ ಅರ್ಧ, ಮಗ ಫಿಲಾಮ್ಮೋನನಿಗೆ ಅರ್ಧ ಬರೆದಿಟ್ಟು ಸತ್ತಿದ್ದ. ಥಿಯೊನಿಲ್ಲಾ ತನ್ನ ಪಾಲಿಗೆ ಬಿಡುಗಡೆ ಕೊಟ್ಟಳು. ಅಣ್ಣ ಕೊಡಲಿಲ್ಲ. "ನನ್ನ ಅರ್ಧ ಸದ್ಯಕ್ಕೆ ಅಲ್ಲೇ ಇರಲಿ" ಎಂದು ಹೇಳಿ ಕಳಿಸಿದ್ದ. "ಯಾವ ಅರ್ಧವಂತೆ? ಮೇಲಿಂದೋ, ಕೆಳಗಿಂದೋ?" ಎಂದು ಬಾಗಿಲ ಮುದುಕಿ ಕೇಳಿದ್ದಕ್ಕೆ ನೂಲುವ ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತ್ತು. ನಾನೂ ನಕ್ಕಿದ್ದೆ.

ತಾಹೋಮ್ ತೀರಿಕೊಂಡಳು. ಹೆರೈಸ್ ಹಿರಿಯವ್ವನಾದಳು. ಆ ವರ್ಷ ನೈಲ್ ಉಕ್ಕಲಿಲ್ಲ, ಬೆಳೆಯಾಗಲಿಲ್ಲ, ಕಣಜದ ನೆಲ ಕಂಡಿತು. ಗೋದಿ ಕೊಡುತ್ತೇನೆಂದು ಫಿಲಾಮ್ಮೋನ್ ಬಂದ. ಕೀರ್ತನೆಯ ಹೊತ್ತಿಗೆ ಬಾಗಿಲಲ್ಲಿ ನಿಂತು ನೋಡಿದವನಿಗೆ ತೊತ್ತಿನ ಬೆನ್ನ ಹಿಂದೆ ತಂಗಿ ಕಂಡಳು. ಗೋದಿ ಬೇಕಿದ್ದರೆ ತೊತ್ತು ಸಾಲಿನ ಕೊನೆಗೆ ಹೋಗಬೇಕೆಂದ. ಹೆರೈಸ್ ಒಪ್ಪಿದಳು.

ಮರುದಿನ ನಾನು ಚಾಪೆ ಹೊತ್ತು ತಂದು ಥಿಯೊನಿಲ್ಲಾಳ ಮುಂದೆ ಹಾಸಿ ಕೂತೆ.

"ಏನಿದು ತಾಪೊಲ್ಲೆ?" ಹೆರೈಸ್ ಬಂದು ನಿಂತಳು.

"ನನ್ನ ಜಾಗ, ಅವ್ವ."

"ಕೊನೇಲಿ ಕೂತ್ರೆ ನಿನ್ನ ಗಂಟೇನು ಹೋಗುತ್ತೆ? ತಗ್ಗಿ ನಡೆಯೋದೇ ನಮ್ಮ ದಾರಿ ಅಂತ ತಾಹೋಮವ್ವ ಕಲಿಸಿಲ್ವಾ?"

"ಕಲಿಸಿದಾಳೆ. ಫಿಲಾಮ್ಮೋನನಿಗೂ ಒಂಚೂರು ಕಲಿಸಿ ಅವ್ವ. ಅವನಿಗಿನ್ನೂ ಪಾಠ ಶುರುವಾದಂಗಿಲ್ಲ."

ಹಿಂದಿನಿಂದ ಥಿಯೊನಿಲ್ಲಾ ಕಿಸಕ್ಕೆಂದಳು. "ನಂಗೆ ಈ ಬೆನ್ನೇ ರೂಢಿ ಅವ್ವ. ಬಿಟ್ಟುಬಿಡಿ."

"ನೀನು ಸುಮ್ನಿರು." ಹೆರೈಸ್ ನನ್ನತ್ತ ತಿರುಗಿದಳು. "ತೊತ್ತಾಗಿದ್ದೋಳನ್ನ ಸೇರಿಸ್ಕೊಂಡ್ವಿ. ರೊಟ್ಟಿ ಕೊಟ್ವಿ, ಅಕ್ಷರ ಕೊಟ್ವಿ. ಉಪಕಾರದ ನೆನಪು ಒಂಚೂರೂ ಬೇಡ್ವೇನೇ?"

ಆ ಮಾತು ನಾಟಿತು. ಪ್ರತಿ ಬೆಳಗ್ಗೆ ನೂಲಿನ ಕದಿರು ತಿರುಗಿಸುವಾಗ ಒಬ್ಬೊಬ್ಬರನ್ನೂ ಹೆಸರು ಹಿಡಿದು ನೆನೆಯುವವಳು ನಾನು. ಕೈ ಹಿಡಿದೆಳೆದ ಮುದುಕಿ, ಬುಟ್ಟಿ ಕೊಟ್ಟ ತಾಹೋಮ್, ಹಿಂದೆ ಕೂತು ನನ್ನ ತಪ್ಪು ಓದನ್ನು ತಿದ್ದಿದ ಥಿಯೊನಿಲ್ಲಾ. ಈ ಹೆರೈಸ್ ಕೂಡ. ನಾನು ಜ್ವರದಲ್ಲಿ ಬಿದ್ದಿದ್ದಾಗ ಬಟ್ಟೆ ಅದ್ದಿ ತುಟಿಗೆ ನೀರು ಹಿಂಡಿದವಳು ಇವಳೇ. ಅವಳಿಗೂ ಇಷ್ಟೊಂದು ಹೊಟ್ಟೆ ತುಂಬಿಸುವ ಚಿಂತೆ. ಅವಳ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು.

"ಇದೆ ಅವ್ವ," ಎಂದೆ. "ಎಲ್ಲಾ ನೆನಪಿದೆ. ಅದಕ್ಕೇ ಇಲ್ಲಿ ಕೂತಿದೀನಿ. ನಾಳೆ ಇನ್ನೊಬ್ಬ ತೊತ್ತು ಬಂದು ಬಾಗಿಲು ತಟ್ಟಿದ್ರೆ ನೀವೇನು ಕೊಡ್ತೀರಿ ಅವಳಿಗೆ? ಬರೀ ಗೋದೀನಾ?"



"ಮಾತು ಕೇಳದೋಳಿಗೆ ಇಲ್ಲಿ ಜಾಗ ಇಲ್ಲ," ಎಂದಳು ಹೆರೈಸ್. "ಗೋಡೆ ದಾಟಿದ್ರೆ ನೀನು ಮತ್ತೆ ಫಿಲಾಮ್ಮೋನನ ಪಾಲು. ಅವನ ಆಳುಗಳು ಇನ್ನೂ ದೋಣಿಲೇ ಇದಾರೆ. ಯಾಕೆ ತಾಯಿ ನನ್ನ ಕೈಲಿ ಇದನ್ನ ಮಾಡಿಸ್ತೀಯಾ? ಎದ್ದು ಹಿಂದೆ ಹೋಗು. ಕೊನೇ ಸಲ ಹೇಳ್ತಿದೀನಿ."

 ಎರಡೂ ಕೈಗಳಿಂದ ಚಾಪೆಯ ಅಂಚನ್ನು ಒತ್ತಿ ಹಿಡಿದುಕೊಂಡೆ.

"ಇಲ್ಲ ಅವ್ವ. ಏಳೋದಿಲ್ಲ."